ಹೊಳೆಗೆ ಬಿಟ್ಟ ಬಟ್ಟೆ

ಗೋವಿಂದಯ್ಯ ತೀರಿಕೊಂಡ ಹನ್ನೊಂದನೆಯ ದಿನ ಟಿ. ನರಸೀಪುರದ ಸಮುದಾಯ ಭವನದ ಬಾಗಿಲಿಗೆ ಕಟ್ಟಿದ್ದ ಫ್ಲೆಕ್ಸ್ ನೋಡಿ ಅವರ ಹೆಂಡತಿ ಮಂಚಮ್ಮನಿಗೆ ಅಸಹ್ಯವಾಯಿತು. ಪಾಸ್‌ಪೋರ್ಟ್ ಸೈಜಿನ ಫೋಟೊವನ್ನು ಹತ್ತಡಿಗೆ ಹಿಗ್ಗಿಸಿ ಗಂಡನ ಮುಖವನ್ನು ಕಲಸಿಬಿಟ್ಟಿದ್ದರು. ಹಣೆಗೆ ಯಾರೋ ಕಂಪ್ಯೂಟರಿನಲ್ಲೇ ಕುಂಕುಮ ಇಟ್ಟಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ‘ಸ್ವರ್ಗಸ್ಥರಾದ ಶ್ರೀ ಗೋವಿಂದಯ್ಯನವರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದಿತ್ತು. ಸ್ವರ್ಗವೂ ಇಲ್ಲ ನರಕವೂ ಇಲ್ಲ, ಇರುವುದು ಈ ಬೀದಿ, ಈ ಚರಂಡಿ, ಈ ನಲ್ಲಿ ಎಂದು ಮೂವತ್ತು ವರ್ಷ ಊರೂರು ತಿರುಗಿ ಹೇಳಿದ ಮನುಷ್ಯನನ್ನು ಹನ್ನೊಂದೇ ದಿನದಲ್ಲಿ ಸ್ವರ್ಗಕ್ಕೆ ಹತ್ತಿಸಿ ಕೂರಿಸಿದ್ದರು. ಪಕ್ಕದಲ್ಲಿ ಅವರಿಗಿಂತ ದೊಡ್ಡದಾಗಿ ಮೈದುನ ನಾಗೇಂದ್ರನ ಮುಖ ಕೈಮುಗಿದುಕೊಂಡು ನಗುತ್ತಿತ್ತು. ಅವನು ಈ ಸಲ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವವನಿದ್ದ.

ಫ್ಲೆಕ್ಸು ಹಾಳಾಗಿ ಹೋಗಲಿ, ನಾಳೆ ಅದನ್ನು ಯಾರದಾದರೂ ಹಟ್ಟಿಯ ಸೂರಿಗೆ ಹೊದಿಸುತ್ತಾರೆ. ಮಂಚಮ್ಮನ ಮನಸ್ಸೆಲ್ಲ ಮನೆಯ ಬೀರುವಿನಲ್ಲಿತ್ತು. ಅದರೊಳಗೆ ಒಂದು ಚೀಲ, ಚೀಲದಲ್ಲಿ ಗಂಡನ ಐದು ಶರ್ಟು, ಮೂರು ಪ್ಯಾಂಟು, ಒಂದು ಬಿಳಿ ಜುಬ್ಬ. ಎಲ್ಲವನ್ನೂ ಅವಳೇ ಒಗೆದು ಇಸ್ತ್ರಿ ಮಾಡಿ ಮಡಿಸಿಟ್ಟಿದ್ದಳು. ಆಸ್ಪತ್ರೆಯಲ್ಲಿ ಮಾತು ನಿಲ್ಲುವ ಮುಂಚೆ ಗೋವಿಂದಯ್ಯ ಅವಳನ್ನು ಹತ್ತಿರ ಕರೆದು ಒಂದೇ ಒಂದು ಕೇಳಿಕೊಂಡಿದ್ದರು.

“ನನ್ ಬಟ್ಟೆ ಮಾತ್ರ ಹೊಳೆಗೆ ಬೀಳಬಾರದು ಕಣೆ ಮಂಚಿ. ಒಗ್ದು ಯಾರ್ಗಾದ್ರೂ ಕೊಟ್ಬುಡು.”

ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹೆಂಡತಿಯಿಂದ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಊಟ ತಡವಾದರೂ ಕೇಳಿದವರಲ್ಲ, ಉಪ್ಪು ಹೆಚ್ಚಾದರೂ ಆಡಿದವರಲ್ಲ. ಆದರೆ ಮೂರನೆಯ ದಿನದಿಂದಲೇ ನಾಗೇಂದ್ರ ಆ ಚೀಲದ ಬೆನ್ನು ಬಿದ್ದಿದ್ದ. ಸತ್ತವರ ಬಟ್ಟೆ ಹೊಳೆಗೆ ಬಿಡದೆ ಮನೆಯಲ್ಲಿಟ್ಟುಕೊಂಡರೆ ಆತ್ಮ ಅಲೆಯುತ್ತದೆ, ವಂಶಕ್ಕೆ ಒಳ್ಳೆಯದಲ್ಲ, ಕುಲದ ಯಜಮಾನರೆಲ್ಲ ಕೇಳುತ್ತಿದ್ದಾರೆ ಎಂದು ದಿನಕ್ಕೊಂದು ಸಲ ಬಂದು ಹೇಳುತ್ತಿದ್ದ. ಅವನ ಹೆಂಡತಿಗೆ ಕನಸು ಬೇರೆ ಬಿದ್ದಿತ್ತಂತೆ. ಭಾವ ಬಾಗಿಲಲ್ಲಿ ನೆಂದು ನಿಂತಿದ್ದರಂತೆ. ಬದುಕಿದ್ದಾಗ ಭಾವ ಮನೆಗೆ ಬಂದರೆ ಕಾಫಿಗೂ ಏಳದವಳಿಗೆ ಕನಸಿನಲ್ಲಿ ಎದ್ದು ಬಾಗಿಲು ತೆಗೆಯುವಷ್ಟು ಅಕ್ಕರೆ ಎಲ್ಲಿಂದ ಬಂತೋ ಎಂದು ಮಂಚಮ್ಮ ಮುಖಕ್ಕೆ ಹೊಡೆದಂತೆ ಕೇಳಿ ಕಳಿಸಿದ್ದಳು. ಇವತ್ತು ಸಭೆ ಮುಗಿಸಿ ಆ ಚೀಲವನ್ನು ನೀರಿನ ಪಂಪ್‌ಹೌಸಿಗೆ ಒಯ್ದು, ಅಲ್ಲಿ ದುಡಿಯುವ ಗಂಡಾಳುಗಳಿಗೆ ಹಂಚಿಬಿಡಬೇಕು ಅಂದುಕೊಂಡಿದ್ದಳು.

ಅಸಹ್ಯಪಡುವುದು ಅವಳಿಗೆ ಹೊಸದೇನಲ್ಲ. ಮದುವೆಯಾದ ಮೊದಲನೆಯ ವಾರದಲ್ಲೇ ಅದು ಶುರುವಾಗಿತ್ತು. ಹುಡುಗ ಡಿಪ್ಲೊಮಾ ಓದಿದ್ದಾನೆ, ತಗಡೂರು ಕಡೆಯವನು, ನಂಜನಗೂಡಿನಲ್ಲಿ ಇಂಜಿನಿಯರು ಎಂದಾಗ ಅವಳ ತೌರಿನಲ್ಲಿ ಎಲ್ಲರೂ ಜೀಪು, ಫೈಲು, ಮೇಜಿನ ಮೇಲೆ ಗಾಜು ಅಂತೆಲ್ಲ ಕಟ್ಟಿಕೊಂಡಿದ್ದರು. ಬಂದು ನೋಡಿದರೆ ಗಂಡ ಸಂಜೆ ಸೊಂಟದವರೆಗೆ ಒದ್ದೆಯಾಗಿ, ಕೊಳೆತ ಬಟ್ಟೆಯ ನಾತ ಹೊತ್ತುಕೊಂಡು ಮನೆಗೆ ಬರುತ್ತಿದ್ದರು. ಆ ನಾತವನ್ನು ಮಂಚಮ್ಮ ಇವತ್ತಿಗೂ ಮರೆತಿಲ್ಲ. ಸೋಪಿಗೂ ಹೋಗದು, ಸೀಗೆಪುಡಿಗೂ ಹೋಗದು. ಹಿತ್ತಲಲ್ಲಿ ಎರಡು ಹಂಡೆ ನೀರು ಹುಯ್ದುಕೊಂಡ ಮೇಲೂ ಉಗುರು ಸಂದಿಯಲ್ಲಿ ಉಳಿದಿರುತ್ತಿತ್ತು. ಆ ಕೈಯಿಂದ ಮುಟ್ಟಿಸಿಕೊಳ್ಳಲು ಅವಳಿಗೆ ಆರು ತಿಂಗಳು ಬೇಕಾಯಿತು.

ಕಾರಣ ಇಷ್ಟೆ. ನಂಜನಗೂಡಿಗೆ ಬಂದ ಭಕ್ತರು ಕಪಿಲೆಯಲ್ಲಿ ಮುಳುಗೆದ್ದು, ಉಟ್ಟ ಬಟ್ಟೆಯನ್ನು ಅಲ್ಲೇ ನೀರಿಗೆ ಬಿಟ್ಟು ಹೋಗುತ್ತಾರೆ. ಬಟ್ಟೆಯ ಜೊತೆ ಪಾಪವೂ ಹೋಯಿತು, ಕಾಯಿಲೆಯೂ ಹೋಯಿತು ಎಂಬ ನಂಬಿಕೆ. ಸೋಮವಾರ, ಅಮಾವಾಸ್ಯೆ, ಶಿವರಾತ್ರಿ ಬಂತೆಂದರೆ ಹೊಳೆಯ ತುಂಬ ಸೀರೆ, ಪಂಚೆ, ಲಂಗ, ಬನೀನು. ಪಾಪ ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ, ಬಟ್ಟೆ ಮಾತ್ರ ನೆಟ್ಟಗೆ ಬಂದು ಕುಡಿಯುವ ನೀರೆಳೆಯುವ ಪೈಪಿನ ಬಾಯಿಗೆ ಮೆತ್ತಿಕೊಳ್ಳುತ್ತಿತ್ತು. ಪೈಪಿನ ಬಾಯಿಯ ಜಾಲರಿ ಮುಚ್ಚಿಹೋದರೆ ಮೋಟಾರು ಬಿಸಿಯಾಗಿ ನಿಲ್ಲುತ್ತಿತ್ತು. ಮೋಟಾರು ನಿಂತರೆ ಟ್ಯಾಂಕಿಗೆ ನೀರಿಲ್ಲ, ಬೀದಿಯಲ್ಲಿ ಖಾಲಿ ಕೊಡ ಹಿಡಿದವರ ಬೈಗುಳ. ಬೆಳಿಗ್ಗೆ ಬಟ್ಟೆ ಬಿಟ್ಟವರೇ ಮಧ್ಯಾಹ್ನ ಆಫೀಸಿಗೆ ಬಂದು ನಲ್ಲಿಯಲ್ಲಿ ನೀರಿಲ್ಲ ಎಂದು ಕೂಗಾಡುವುದೂ ಇತ್ತು.

ಗೋವಿಂದಯ್ಯನಿಗಿಂತ ಮುಂಚೆ ಆ ಕೆಲಸದಲ್ಲಿದ್ದವರು ದಡದಲ್ಲಿ ನಿಂತು ಕೂಲಿಯವರನ್ನು ಇಳಿಸುತ್ತಿದ್ದರು. ಇಳಿಯುವವರು ಯಾವ ಕೇರಿಯವರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋವಿಂದಯ್ಯನೂ ಅದೇ ಕೇರಿಯಿಂದ ಓದಿ ಬಂದವರು. ಮೊದಲ ದಿನವೇ ಪ್ಯಾಂಟು ಮಡಚಿ ತಾವೇ ಇಳಿದರು. ಮೇಲಿನ ಅಧಿಕಾರಿಗಳು ನಕ್ಕರು. ಕೆಲಸದವರಿಗೂ ಕಸಿವಿಸಿಯಾಯಿತು. ಮಂಚಮ್ಮನ ಅಣ್ಣ ಒಂದು ಸಲ ಬಂದು ನೋಡಿ, “ಇದ್ನೇ ಮಾಡಕ್ಕೆ ಓದ್ಬೇಕಿತ್ತೇನವ್ವ, ನಮ್ ತಾತ ಓದ್ದೇ ಮಾಡ್ತಿದ್ದ” ಎಂದು ಹೇಳಿ ಊಟ ಮಾಡದೆ ಹೋದ. ಅವತ್ತು ಮಂಚಮ್ಮ ಗಂಡನಿಗೆ ಬಾಯಿಗೆ ಬಂದದ್ದೆಲ್ಲ ಬೈದಳು. ಗೋವಿಂದಯ್ಯ ಕೇಳಿಸಿಕೊಂಡು, ಒಂದು ರೂಲು ಹಾಳೆಯ ಮೇಲೆ ಏನೋ ಗೀರುತ್ತ ಕುಳಿತಿದ್ದರು.

ಆ ಹಾಳೆಯಿಂದ ಹುಟ್ಟಿದ್ದೇ ಬಾಚಣಿಗೆ. ಪೈಪಿನ ಬಾಯಿಯ ಮುಂದೆ ಅರ್ಧಚಂದ್ರಾಕಾರದಲ್ಲಿ ಕಬ್ಬಿಣದ ಸರಳುಗಳನ್ನು ಓರೆಯಾಗಿ ನೆಟ್ಟು, ಸರಳಿಗೂ ಸರಳಿಗೂ ಎರಡು ಬೆರಳಿನಷ್ಟು ಸಂದಿ ಬಿಟ್ಟರು. ತೇಲಿ ಬಂದ ಬಟ್ಟೆ ಸರಳಿಗೆ ಸಿಕ್ಕಿ, ನೀರಿನ ಸೆಳೆತಕ್ಕೆ ತಾನೇ ಮೇಲಕ್ಕೆ ಜಾರಿ ಬರುತ್ತಿತ್ತು. ಮೇಲಿನ ಹಲಗೆಯ ಮೇಲೆ ನಿಂತು ಉದ್ದ ಹಿಡಿಯ ಕೊಕ್ಕೆಯಿಂದ ಎಳೆದರೆ ಮುಗಿಯಿತು, ಯಾರೂ ನೀರಿಗೆ ಇಳಿಯಬೇಕಿಲ್ಲ. ಕೆಲಸದವರು ಅದನ್ನು ಗೋವಿಂದಯ್ಯನ ಬಾಚಣಿಗೆ ಎಂದೇ ಕರೆದರು. ಮೇಲಿನವರು ಅದರ ಫೋಟೊ ತೆಗೆಸಿ ತಮ್ಮ ಹೆಸರಿನಲ್ಲಿ ವರದಿ ಕಳಿಸಿಕೊಂಡರು. ಗಂಡ ಅದಕ್ಕೂ ಸಿಟ್ಟಾಗಲಿಲ್ಲವಲ್ಲ ಎಂದು ಮಂಚಮ್ಮನಿಗೆ ಮೈಯೆಲ್ಲ ಉರಿಯಿತು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಮಗ ರವಿಕುಮಾರ ಹುಟ್ಟಿದ ಮೂರನೆಯ ವರ್ಷ ಗೋವಿಂದಯ್ಯ ಮೈಸೂರಿಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದರು. ಮನೆಯ ದೇವರ ಗೂಡಿನಿಂದ ಒಂದೊಂದೇ ಪಟ ಇಳಿಸಿ, ಬುದ್ಧನನ್ನೂ ಅಂಬೇಡ್ಕರರನ್ನೂ ಏರಿಸಿದರು. ಹೆಸರನ್ನೂ ಬದಲಾಯಿಸಿಕೊಳ್ಳಿ ಎಂದು ಜೊತೆಯವರು ಹೇಳಿದಾಗ, ಗೋವಿಂದ ಅಂತ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿದೆ, ಅದನ್ನು ತಿದ್ದಿಸಲು ಅಲೆಯುವಷ್ಟರಲ್ಲಿ ನಿರ್ವಾಣವೇ ಬಂದುಬಿಡುತ್ತದೆ ಅಂದಿದ್ದರಂತೆ. ಆಮೇಲೆ ಶುರುವಾಯಿತು ಅವರ ಎರಡನೆಯ ನೌಕರಿ. ಭಾನುವಾರ ಬಂತೆಂದರೆ ಬಿಳಿ ಜುಬ್ಬ ಹಾಕಿ, ಬೈಕಿನ ಚೀಲದಲ್ಲಿ ಎರಡು ಮೇಣದಬತ್ತಿ, ಒಂದು ಬಿಳಿ ಬಟ್ಟೆ, ಪಟ ಇಟ್ಟುಕೊಂಡು ಹೊರಡುತ್ತಿದ್ದರು. ಯಾರದೋ ಮದುವೆ, ಯಾವುದೋ ಮಗುವಿಗೆ ಹೆಸರಿಡುವುದು, ಯಾರದೋ ಮಣ್ಣು. ತ್ರಿಶರಣ ಹೇಳಿಸಿ, ಪಂಚಶೀಲ ಬಿಡಿಸಿ ಹೇಳಿ, ಅರ್ಧ ಗಂಟೆಯಲ್ಲಿ ಮುಗಿಸಿ ಬರುತ್ತಿದ್ದರು. ದಕ್ಷಿಣೆ ಇಲ್ಲ, ಊಟ ಅವರು ಇಕ್ಕಿದ್ದು. ಜನ ಅವರಿಗೆ ಬುದ್ಧನ ಇಂಜಿನಿಯರು ಎಂದು ಹೆಸರಿಟ್ಟರು.

ವಾರವೆಲ್ಲ ಹೊಳೆಯ ನಾತ, ಭಾನುವಾರ ಹೆಣದ ಮನೆಯ ನಾತ. ಇದು ಯಾವ ಸೀಮೆಯ ಬಾಳು ಎಂದು ಮಂಚಮ್ಮ ಎಷ್ಟೋ ಸಲ ತೌರಿಗೆ ಹೋಗಿ ಕುಳಿತಳು. ಪ್ರತಿ ಸಲವೂ ಗೋವಿಂದಯ್ಯ ಬಂದು ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಬೈಯಲೂ ಇಲ್ಲ, ಕರೆಯಲೂ ಇಲ್ಲ. ಒಂದು ಹೊತ್ತಾದ ಮೇಲೆ ಅವಳೇ ಗಂಟು ಕಟ್ಟಿಕೊಂಡು ಬೈಕಿನ ಹಿಂದೆ ಹತ್ತುತ್ತಿದ್ದಳು.

ಮಣ್ಣಿಗೆ ಹೋದ ಕಡೆ ಗೋವಿಂದಯ್ಯ ಒಂದು ಮಾತು ತಪ್ಪದೆ ಹೇಳುತ್ತಿದ್ದರು. ಸತ್ತವರ ಬಟ್ಟೆಯನ್ನು ಹೊಳೆಗೆ ಬಿಡಬೇಡಿ. ನೀವು ಬಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ, ಪೈಪಿನಲ್ಲಿ ಸೋಸಿ ನಿಮ್ಮ ಕೊಡಕ್ಕೇ ಬರುತ್ತದೆ. ಒಗೆದು, ಇಲ್ಲದವರಿಗೆ ಕೊಡಿ, ಅದು ದಾನ, ಅದೇ ಧರ್ಮ. ಅವರ ಇಂಜಿನಿಯರಿಕೆಯೂ ಬುದ್ಧನೂ ಸೇರಿದ್ದು ಈ ಒಂದು ಮಾತಿನಲ್ಲಿ. ಜನ ಭಕ್ತಿಯಿಂದ ತಲೆಯಾಡಿಸುತ್ತಿದ್ದರು. ಬೈಕು ಊರ ಬಾಗಿಲು ದಾಟಿದ್ದೇ ತಡ, ಬಟ್ಟೆ ಗಂಟು ಕಟ್ಟಿ ಹೊಳೆಗೆ ಹೊರಡುತ್ತಿದ್ದರು. ಇಂಜಿನಿಯರು ಹೇಳಿದ್ದೂ ಆಗಲಿ, ಹಿರಿಯರು ಮಾಡಿದ್ದೂ ಆಗಲಿ, ಯಾವುದಕ್ಕೂ ಇರಲಿ ಎಂಬ ಬುದ್ಧಿ. ಮಂಚಮ್ಮನಿಗೆ ಇದು ಮೊದಲಿನಿಂದ ಗೊತ್ತಿತ್ತು, ಹೆಂಗಸರು ಅವಳ ಮುಂದೆ ಮುಚ್ಚಿಡುತ್ತಿರಲಿಲ್ಲ. ಗೋವಿಂದಯ್ಯನಿಗೆ ಮಾತ್ರ ಗೊತ್ತಿರಲಿಲ್ಲ.

ಗೊತ್ತಾದದ್ದು ಟಿ. ನರಸೀಪುರಕ್ಕೆ ವರ್ಗವಾಗಿ ಬಂದ ಮೇಲೆ. ಅದೇ ಕಪಿಲೆ ನಂಜನಗೂಡು ದಾಟಿ ಇಲ್ಲಿಗೆ ಬಂದು ಕಾವೇರಿಯನ್ನು ಸೇರುತ್ತದೆ. ಸಂಗಮಕ್ಕಿಂತ ಮೇಲೆ ಇಲ್ಲಿಯೂ ಅವರು ಒಂದು ಬಾಚಣಿಗೆ ನೆಡಿಸಿದರು. ಆ ವರ್ಷ ಮಳೆ ಚೆನ್ನಾಗಿ ಆಗಿ ಕಬಿನಿ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಒಂದು ಬೆಳಿಗ್ಗೆ ಬಾಚಣಿಗೆಗೆ ಸಿಕ್ಕಿದ ಬಟ್ಟೆಗಳ ನಡುವೆ ಒಂದು ಮೆರೂನ್ ಬಣ್ಣದ ಸ್ವೆಟರ್ ಬಂತು. ಮೊಣಕೈಯಲ್ಲಿ ಹಳದಿ ಉಣ್ಣೆಯ ತೇಪೆ. ಗೋವಿಂದಯ್ಯ ಅದನ್ನು ನೋಡಿದ ತಕ್ಷಣ ಗುರುತು ಹಿಡಿದರಂತೆ. ವಾರದ ಹಿಂದೆ ನಂಜನಗೂಡಿನ ಕಡೆ ಚಿಕ್ಕಯ್ಯನಛತ್ರದ ಹತ್ತಿರದ ಹಳ್ಳಿಯಲ್ಲಿ ಮಾದಮ್ಮ ಎಂಬಾಕೆಯ ಗಂಡನನ್ನು ಮಣ್ಣು ಮಾಡಿಸಿ ಬಂದಿದ್ದರು. ಉಬ್ಬಸದ ಮನುಷ್ಯ, ಬೇಸಿಗೆಯಲ್ಲೂ ಆ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಅದನ್ನು ದನ ಕಾಯುವ ಮುದುಕನಿಗೆ ಕೊಡುತ್ತೇವೆ ಎಂದು ಮನೆಯವರೆಲ್ಲ ಇವರ ಎದುರಿಗೆ ಮಾತು ಕೊಟ್ಟಿದ್ದರು.

ಆಮೇಲೆ ಅವರು ಮಾಡಿದ್ದನ್ನು ಬುದ್ಧಿ ಇರುವವರು ಯಾರೂ ಮಾಡುವುದಿಲ್ಲ. ಸ್ವೆಟರನ್ನು ಮನೆಗೆ ತಂದು, ಸೋಡಾ ಹಾಕಿ ಕುದಿಸಿ ಒಗೆದುಕೊಡು ಎಂದು ಹೆಂಡತಿಗೆ ಹೇಳಿದರು. ಅನ್ನ ಬೇಯಿಸುವ ಒಲೆಯ ಮೇಲೆ ಸತ್ತವನ ಸ್ವೆಟರು! ಮಂಚಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು, ಗಂಡನ ಏಳು ತಲೆಮಾರನ್ನು ಬೈಯುತ್ತ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕುದಿಸಿದಳು. ಅದು ಒಣಗುವ ತನಕ ಅಕ್ಕಪಕ್ಕದವರಿಗೆ ಕಾಣದಂತೆ ಕಾದಳು. ಗೋವಿಂದಯ್ಯ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಬೈಕಿನಲ್ಲಿ ಒಯ್ದು ಮಾದಮ್ಮನ ಕೈಗೆ ಕೊಟ್ಟರು. ಜಗಳಕ್ಕಲ್ಲ, ಅಣಕಕ್ಕಲ್ಲ. ನೋಡಿದರೆ ಅರ್ಥವಾಗುತ್ತದೆ, ಹೊಳೆಗೆ ಬಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ಕಣ್ಣಾರೆ ತಿಳಿಯುತ್ತದೆ ಅಂದುಕೊಂಡಿದ್ದರು.

ಪೇಪರು ಬಿಚ್ಚಿ ನೋಡಿದ ಮಾದಮ್ಮ ಅಲ್ಲೇ ಎಚ್ಚರ ತಪ್ಪಿ ಬಿದ್ದಳು. ಹೊಳೆಗೆ ಬಿಟ್ಟ ಬಟ್ಟೆ ಒಗೆದು ಮಡಿಸಿಕೊಂಡು ತಿರುಗಿ ಮನೆಗೆ ಬಂದರೆ ಬಂದದ್ದು ಬಟ್ಟೆಯಲ್ಲ, ಗಂಡನೇ ಎಂದು ಊರೆಲ್ಲ ಹಬ್ಬಿತು. ಇಂಜಿನಿಯರಿಗೆ ಮಾಟ ಬರುತ್ತದೆ ಎಂದರು. ಕೊಳ್ಳೇಗಾಲದ ಕಡೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅವನು ಸ್ವೆಟರಿಗೆ ನಿಂಬೆಹಣ್ಣು ಕಟ್ಟಿ, ಕುಂಕುಮ ಎರಚಿ, ಮತ್ತೆ ಅದೇ ಹೊಳೆಗೆ ಬಿಡಿಸಿದ. ಅದು ಮತ್ತೆ ಬಾಚಣಿಗೆಗೆ ಬಂತೋ ಇಲ್ಲವೋ, ಗೋವಿಂದಯ್ಯ ಮನೆಯಲ್ಲಿ ಹೇಳಲಿಲ್ಲ.

ಅಲ್ಲಿಂದ ಮೂರು ವರ್ಷ ಯಾರೂ ಅವರನ್ನು ಮದುವೆಗೂ ಕರೆಯಲಿಲ್ಲ, ಮಣ್ಣಿಗೂ ಕರೆಯಲಿಲ್ಲ. ಭಾನುವಾರ ಬಿಳಿ ಜುಬ್ಬ ಹಾಕಿಕೊಂಡು, ಹೆಲ್ಮೆಟ್ಟು ಪಕ್ಕದಲ್ಲಿಟ್ಟುಕೊಂಡು ಮಧ್ಯಾಹ್ನದ ತನಕ ಜಗಲಿಯಲ್ಲಿ ಕುಳಿತಿರುತ್ತಿದ್ದರು. ಮೊದಲ ಕೆಲವು ವಾರ ಮಂಚಮ್ಮನಿಗೆ ಪೀಡೆ ತೊಲಗಿತು ಅನ್ನಿಸಿತು. ಆಮೇಲೆ ಆ ಇಸ್ತ್ರಿ ಜುಬ್ಬ ನೋಡಲಾಗುತ್ತಿರಲಿಲ್ಲ. ಕೊನೆಗೆ ಒಬ್ಬ ಪೌರಕಾರ್ಮಿಕ ತನ್ನ ತಾಯಿಯ ಮಣ್ಣಿಗೆ ಕರೆಯಲು ಬಂದ. ಒಳಗೆ ಬರುವ ಮುಂಚೆ, ಬಟ್ಟೆ ವಾಪಸು ತರುವುದಿಲ್ಲ ತಾನೆ ಎಂದು ಖಾತ್ರಿ ಮಾಡಿಕೊಂಡ. ಗೋವಿಂದಯ್ಯ ನಕ್ಕುಬಿಟ್ಟು ಹೆಲ್ಮೆಟ್ಟು ಎತ್ತಿಕೊಂಡರು.

ಇನ್ನೊಬ್ಬರನ್ನು ಬೈಯಲು ಮಂಚಮ್ಮನಿಗೂ ಪೂರ್ತಿ ಬಾಯಿಲ್ಲ. ಅವಳ ತಾಯಿ ಸತ್ತಾಗ ಅಕ್ಕತಂಗಿಯರ ಜೊತೆ ಸೇರಿ ತಾಯಿಯ ಹಸಿರು ಸೀರೆಯನ್ನು ಅವಳೂ ನೀರಿಗೆ ಬಿಟ್ಟಿದ್ದಳು. ಗಂಡನಿಗೆ ತಿಳಿಯದಂತೆ, ನಂಜನಗೂಡಿನ ಬಸ್ಸು ಹತ್ತಿ ಹೋಗಿ ಬಿಟ್ಟು ಬಂದಿದ್ದಳು. ಐದಾರು ದಿನ ಕಳೆದು ಗೋವಿಂದಯ್ಯ ಊಟಕ್ಕೆ ಕುಳಿತವರು, ಇವತ್ತು ಬಾಚಣಿಗೆಯನ್ನೂ ನುಸುಳಿ ಬಂದು ಮೋಟಾರನ್ನು ಒಂದು ಗಂಟೆ ನಿಲ್ಲಿಸಿತ್ತು, ಹಸಿರು ಸೀರೆ, ಕೈಮಗ್ಗದ್ದು, ಬಹಳ ಗಟ್ಟಿ ನೇಯ್ಗೆ ಎಂದಷ್ಟೇ ಹೇಳಿ ಸಾರು ಹಾಕಿಸಿಕೊಂಡರು. ಆ ಸೀರೆ ತೆಗೆದುಕೊಟ್ಟಿದ್ದೇ ಅವರು. ಮಂಚಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಎರಡು ದಿನ ಆ ನಲ್ಲಿಯ ನೀರು ಗಂಟಲಲ್ಲಿ ಇಳಿಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯುವುದು ಆ ಮನುಷ್ಯನಿಗೆ ಬರುತ್ತಿರಲಿಲ್ಲ.

ರಿಟೈರಾದ ಮೇಲೂ ಬೆಳಿಗ್ಗೆ ಎದ್ದು ಹೊಳೆಗೆ ಹೋಗಿ ಬಾಚಣಿಗೆ ನೋಡಿಕೊಂಡು ಬರುತ್ತಿದ್ದರು. ಎರಡು ವರ್ಷದ ಹಿಂದೆ ಯಾರೋ ಅದರ ಸರಳು ಕತ್ತರಿಸಿ ಗುಜರಿಗೆ ಹಾಕಿದರು. ಯಾರೆಂದು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಗೋವಿಂದಯ್ಯ ಅರ್ಜಿ ಬರೆದರು, ಮತ್ತೆ ಬರೆದರು. ಬಾಚಣಿಗೆ ಇದ್ದ ಜಾಗದಲ್ಲಿ ಮತ್ತೆ ಕೇರಿಯವರು ನೀರಿಗಿಳಿಯತೊಡಗಿದರು. ಒಂದು ದಿನ ಅರವತ್ತನಾಲ್ಕರ ಮುದುಕ ತಾನೂ ಇಳಿದು, ಶೀತ ಹಿಡಿಸಿಕೊಂಡು, ಅದು ಎದೆಗೆ ಇಳಿದು ಆಸ್ಪತ್ರೆ ಸೇರಿದ್ದು ಹಾಗೆ.

ಭವನದಲ್ಲಿ ಭಾಷಣ ಶುರುವಾಗಿತ್ತು. ಮಂಚಮ್ಮ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿದ್ದಳು. ನೀರಿನ ಆಫೀಸಿನ ಒಬ್ಬರು ಗೋವಿಂದಯ್ಯನವರ ಸಲಹೆಯಿಲ್ಲದೆ ನಾವು ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ ಎಂದರು. ಅರ್ಜಿ ಹಿಡಿದು ಹೋದ ಮುದುಕನನ್ನು ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದ್ದವರು ಅವರೇ. ಕುಲದ ಯಜಮಾನರೊಬ್ಬರು ಅವರು ನಮ್ಮ ಜನಕ್ಕೆ ದಾರಿದೀಪ ಎಂದರು. ಆ ಮಾಟದ ಗಲಾಟೆಯಲ್ಲಿ ಇವರನ್ನು ಮನೆಗೆ ಸೇರಿಸಬೇಡಿ ಎಂದು ಡಂಗುರ ಸಾರಿಸಿದ್ದವರು ಅವರೇ. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ. ಮಾದಮ್ಮನೂ ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಅವಳೊಬ್ಬಳೇ ಅಳುತ್ತಿದ್ದಳು.

ಇನ್ನು ನಾಗೇಂದ್ರನ ಸರದಿ ಎಂದು ಮೈಕಿನಲ್ಲಿ ಕರೆದರು. ಅವನು ವೇದಿಕೆಯಲ್ಲಿರಲಿಲ್ಲ. ಎರಡು ಸಲ ಕರೆದರು. ಮೈಕು ಕಂಡರೆ ಬಿಡದವನು ಎಲ್ಲಿ ಹೋದ ಎಂದು ಮಂಚಮ್ಮ ತಿರುಗಿ ಮಗನನ್ನು ನೋಡಿದಳು. ತಾಂಡ್ಯದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರಾಗಿ ನಲವತ್ತು ಜನರನ್ನು ಆಳುವ ರವಿಕುಮಾರ ತಾಯಿಯ ಕಣ್ಣಿಗೆ ಕಣ್ಣು ಕೊಡದೆ ನೆಲ ನೋಡಿದ.

“ಬೀರು ಕೀ ಎಲ್ಲಿ?” ಎಂದು ಕೇಳಿದಳು.

ರವಿಕುಮಾರ ತಡವರಿಸಿದ. “ಚಿಕ್ಕಪ್ಪ ಕೇಳ್ತು, ಕೊಟ್ಟೆ ಕಣವ್ವ. ಯಜಮಾನ್ರೆಲ್ಲ ಒಂದೇ ಸಮ ಅಂತವ್ರೆ. ಒಂದ್ ಚೀಲ ಬಟ್ಟೆಗೋಸ್ಕರ ಯಾಕವ್ವ ನಿಷ್ಠೂರ? ಅಪ್ಪ ಬಂದು ನೋಡ್ತದಾ?”

ಮಗನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ಅವಳಿಗೆ. ಆ ತಂದೆಯ ಹೊಟ್ಟೆಯಲ್ಲಿ ಇಂಥದ್ದೊಂದು ಹುಟ್ಟಿತಲ್ಲ ಎಂದು ಮೈಯೆಲ್ಲ ಹೇಸಿತು. ಹೊಡೆಯುತ್ತ ನಿಂತರೆ ಹೊತ್ತಾಗುತ್ತದೆ ಎಂದು ಎದ್ದು, ನಡೆಯುತ್ತಿದ್ದ ಭಾಷಣದ ಮುಂದೆಯೇ ಹಾದು ಹೊರಗೆ ಬಂದು ಆಟೊ ಹತ್ತಿದಳು. ಸಂಗಮಕ್ಕೆ ಬಿಡು ಎಂದಳು. ಮಗ ಹಿಂದೆಯೇ ಓಡಿ ಬಂದ, ಆಟೊ ನಿಲ್ಲಲಿಲ್ಲ.

ಸಂಗಮದ ಮೆಟ್ಟಿಲ ಮೇಲೆ ನಾಗೇಂದ್ರ ತಲೆ ಒರೆಸಿಕೊಳ್ಳುತ್ತ ನಿಂತಿದ್ದ. ಜೊತೆಗೆ ಕುಲದವರಿಬ್ಬರು. ಪಕ್ಕದಲ್ಲಿ ಬಾಳೆಯೆಲೆ, ಒಡೆದ ತೆಂಗಿನಕಾಯಿ, ಅವಳ ಮನೆಯ ಚೀಲ. ಚೀಲ ಖಾಲಿಯಾಗಿ ಮಡಚಿಕೊಂಡು ಬಿದ್ದಿತ್ತು.

“ಆಯ್ತು ಅತ್ಗೆ, ಎಲ್ಲ ಸಾಂಗವಾಗಿ ಆಯ್ತು” ಅಂದ ನಾಗೇಂದ್ರ. ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ನೆಮ್ಮದಿ. “ಅಣ್ಣ ದಾಟ್ಬುಟ್ಟ. ನೀವಿನ್ನ ನೆಮ್ದಿಯಾಗಿ ಇರ್ಬೋದು.”

ಮಂಚಮ್ಮ ಅವನ ಕಡೆ ನೋಡಲೂ ಇಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದಳು. ಮೊದಲ ಮೆಟ್ಟಿಲಿನ ನೀರಿನಲ್ಲೇ ಬಾಡಿದ ಹೂವು, ಎಣ್ಣೆಯ ಪೊರೆ, ಶಾಂಪೂ ಚೀಟಿ, ಅದರ ಕೆಳಗೆ ಬಟ್ಟೆ. ಕಾಲಿಗೆ ಒಂದು ಸೀರೆ ಸುತ್ತಿಕೊಂಡಿತು. ಆ ನಾತ, ಮೂವತ್ತೈದು ವರ್ಷ ಗಂಡನ ಮೈಮೇಲೆ ಬಂದು ಮನೆ ಹೊಕ್ಕ ಅದೇ ನಾತ ಮೂಗಿಗೆ ಹೊಡೆಯಿತು. ಇಷ್ಟು ವರ್ಷದಲ್ಲಿ ಅವಳು ಒಂದು ಸಲವೂ ಆ ಮೆಟ್ಟಿಲಿಳಿದು ಗಂಡ ಮಾಡುತ್ತಿದ್ದುದನ್ನು ಮಾಡಿ ನೋಡಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಂಟದವರೆಗೆ ಇಳಿದು, ಎರಡೂ ಕೈ ನೀರಿಗೆ ಹಾಕಿದಳು.

ಮೊದಲು ಸಿಕ್ಕಿದ್ದು ಯಾರದೋ ನೈಲಾನ್ ಸೀರೆ, ಮುಟ್ಟಿದರೆ ಲೋಳೆ. ಆಮೇಲೆ ಒಂದು ಮಗುವಿನ ಫ್ರಾಕು. ಆಮೇಲೆ ಲುಂಗಿ, ಅದರ ತುಂಬ ಮರಳು. ಅವನ್ನೆಲ್ಲ ಬದಿಗೆ ತಳ್ಳಿ ಮುಂದೆ ಹೋದಳು. ಮೊಣಕೈಗೆ ಏನೋ ಕೊಳೆತದ್ದು ತಗುಲಿತು, ಕೊಡವಿಕೊಂಡಳು. ನಾಲ್ಕು ಹೆಜ್ಜೆ ಆಚೆ ಕಲ್ಲಿಗೆ ಸಿಕ್ಕಿಕೊಂಡು ಬಿಳಿ ಜುಬ್ಬ ಉಬ್ಬಿ ತೇಲುತ್ತಿತ್ತು. ಹೋಗಿ ಹಿಡಿದುಕೊಂಡಳು. ಹಿಂಡಿ ಹೆಗಲ ಮೇಲೆ ಹಾಕಿಕೊಂಡಳು. ಒಂದು ಶರ್ಟು ಸಿಕ್ಕಿತು, ಎರಡು ಪ್ಯಾಂಟು ಸಿಕ್ಕಿದವು. ಮಿಕ್ಕವು ಸೆಳವಿಗೆ ಸಿಕ್ಕಿ ಹೋಗಿದ್ದವು.

ಸಿಕ್ಕಿದ್ದನ್ನು ಹೊತ್ತು ದಡಕ್ಕೆ ತಿರುಗಿದಳು. ಕಾಲ ಬಳಿ ಮತ್ತೆ ಅದೇ ನೈಲಾನ್ ಸೀರೆ ಬಂದು ಸುತ್ತಿಕೊಂಡಿತು. ಬಿಡಿಸಿ ಬಿಡಬೇಕೆಂದು ಎತ್ತಿದವಳಿಗೆ ಅದನ್ನು ಮತ್ತೆ ನೀರಿಗೆ ಹಾಕಲು ಕೈ ಬರಲಿಲ್ಲ. ಗಂಡನದನ್ನು ಮಾತ್ರ ಹೊತ್ತು, ಇದನ್ನು ತಿರುಗಿ ಹೊಳೆಗೆ ಬಿಟ್ಟರೆ ತನಗೂ ನಾಗೇಂದ್ರನಿಗೂ ವ್ಯತ್ಯಾಸವೇನು ಅನ್ನಿಸಿತು. ಸೀರೆಯನ್ನು ಎಳೆದು ಮೆಟ್ಟಿಲ ಮೇಲೆ ಬಿಸಾಡಿದಳು. ಫ್ರಾಕನ್ನೂ ಬಿಸಾಡಿದಳು. ಆಮೇಲೆ ನಿಲ್ಲಿಸಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ, ಯಾರದು ಎಂದು ನೋಡದೆ, ಎಳೆದು ಎಳೆದು ಮೆಟ್ಟಿಲ ಮೇಲೆ ಹಾಕತೊಡಗಿದಳು. ಬೈಯುತ್ತಲೇ ಇದ್ದಳು. ಬಿಟ್ಟವರನ್ನು ಬೈದಳು, ಮೈದುನನನ್ನು ಬೈದಳು, ಮಗನನ್ನು ಬೈದಳು, ಇದನ್ನು ತನ್ನ ತಲೆಗೆ ಕಟ್ಟಿ ಹೋದ ಗಂಡನನ್ನು ಎಲ್ಲರಿಗಿಂತ ಹೆಚ್ಚಾಗಿ ಬೈದಳು.

ನಾಗೇಂದ್ರ ಎರಡು ಮೆಟ್ಟಿಲು ಇಳಿದು ಬಂದು ತಗ್ಗಿದ ದನಿಯಲ್ಲಿ ಹೇಳಿದ, “ಅತ್ಗೆ, ಇಂಜಿನಿಯರ್ ಎಂಡ್ರು ಕಣ್ರೀ ನೀವು. ಜನ ನೋಡ್ತಾವ್ರೆ. ನಮ್ ಮಾನ ಓಯ್ತದೆ, ಮೇಲಕ್ ಬನ್ನಿ.”

“ನೋಡ್ಲಿ ಬುಡು. ನಿಮ್ಮಣ್ಣ ಇದ್ರಲ್ಲೇ ನಿಂತು ನಿಂಗೆ ನೀರು ಕುಡ್ಸಿದ್ದು.”

ಅವನು ಇಳಿದ ಎರಡು ಮೆಟ್ಟಿಲನ್ನೂ ವಾಪಸು ಹತ್ತಿದ. ಕುಲದವರಿಬ್ಬರೂ ಆಗಲೇ ಬೈಕ್ ಹತ್ತಿದ್ದರು. ರವಿಕುಮಾರ ಬಂದು ಮೇಲಿನ ಮೆಟ್ಟಿಲಲ್ಲಿ ಬೂಟು ಹಾಕಿಕೊಂಡೇ ನಿಂತಿದ್ದ.

ಪಕ್ಕದಲ್ಲಿ ಒಂದು ಕುಟುಂಬ ಮುಳುಗೆದ್ದು ಹೊಸ ಬಟ್ಟೆ ಉಟ್ಟುಕೊಳ್ಳುತ್ತಿತ್ತು. ದೂರದಿಂದ ಬಂದವರಿರಬೇಕು. ಅವರಲ್ಲೊಬ್ಬ ಹೆಂಗಸು ಕೈಯಲ್ಲಿ ಒದ್ದೆ ಬಟ್ಟೆಯ ಮುದ್ದೆ ಹಿಡಿದು ನೀರಿಗೆ ಎಸೆಯಲು ಬಂದವಳು, ಸೊಂಟದ ಮಟ್ಟದ ನೀರಿನಲ್ಲಿ ಬಟ್ಟೆ ಎಳೆಯುತ್ತಿದ್ದ ಮಂಚಮ್ಮನನ್ನೂ ಮೆಟ್ಟಿಲ ಮೇಲಿನ ರಾಶಿಯನ್ನೂ ನೋಡಿದಳು. ಇದಕ್ಕೆಂದೇ ಇಟ್ಟಿರುವ ಆಳು ಅಂದುಕೊಂಡಳು. ಎಸೆಯದೆ, ಬಗ್ಗಿ ಮುದ್ದೆಯನ್ನು ಮರ್ಯಾದೆಯಿಂದ ಅವಳ ಕೈಗೇ ಕೊಟ್ಟಳು.

“ತಕೊಳವ್ವ, ಇದ್ನೂ ಆಕ್ಬುಡು.”

ಮಂಚಮ್ಮ ಆ ಮುದ್ದೆಯನ್ನೂ ಅವಳ ಮುಖವನ್ನೂ ನೋಡಿದಳು. ಬೈಯಲು ಬಾಯಿ ತೆರೆದಳು. ಹೆಂಗಸಿನ ಹಿಂದೆ ಅವಳ ಗಂಡ, ಅತ್ತೆ, ಇನ್ನೂ ನಾಲ್ಕು ಜನ ತಮ್ಮ ತಮ್ಮ ಒದ್ದೆ ಬಟ್ಟೆ ಹಿಡಿದು, ನೀರಿಗೆ ಬಿಡದೆ, ಸಾಲಾಗಿ ನಿಂತಿದ್ದರು. ಮಂಚಮ್ಮ ಥೂ ಎಂದು ಪಕ್ಕಕ್ಕೆ ಉಗಿದು, ಮುದ್ದೆಯನ್ನು ರಾಶಿಗೆ ಎಸೆದು, ಮುಂದಿನವರ ಕಡೆಗೆ ಕೈ ಚಾಚಿದಳು.